ಹಿರೋಶಿಮಾ, ನಾಗಸಾಕಿ ಪಾಠ ಮಾಡುವುದು ಹೇಗೆ: ಐದು ಪೀರಿಯಡ್‌ಗಳ ಸಮಗ್ರ ಮಾರ್ಗದರ್ಶಿ

ಈ ಪಾಠ ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಎರಡು ಸಾಲಿಗೆ ಮುಗಿದುಹೋಗುತ್ತದೆ. 1945ರ ಆಗಸ್ಟ್ 6ಕ್ಕೆ ಹಿರೋಶಿಮಾ, 9ಕ್ಕೆ ನಾಗಸಾಕಿ, ಜಪಾನ್ ಶರಣಾಯಿತು, ಸರಿ, ಮುಂದಿನ ಪಾಠ ತೆಗೀರಿ. ಪರೀಕ್ಷೆಗೆ ಒಂದು ಅಂಕದ ಪ್ರಶ್ನೆ, ಬಿಟ್ಟ ಸ್ಥಳ ತುಂಬಿರಿ.

ನಾನು ಮೊದಲ ಸಲ ಇದನ್ನು ಚೆನ್ನಾಗಿ ಮಾಡೋಣ ಅಂತ ಹೋಗಿ ಪೂರ್ತಿ ಕೆಡಿಸಿದೆ. ಪ್ರೊಜೆಕ್ಟರ್ ಹಾಕಿ, ಅಣಬೆ ಮೋಡದ ವಿಡಿಯೋವನ್ನು ಜೋರು ಸದ್ದಿನಲ್ಲಿ ತೋರಿಸಿದೆ. ಹಿಂದಿನ ಬೆಂಚಿನಿಂದ ಶಿಳ್ಳೆ ಬಂತು. ನನಗೆ ಸಿಟ್ಟು ಬಂತು, ಇರಿ ನಿಮಗೆ ಅಂತ ಸುಟ್ಟ ದೇಹಗಳ ಫೋಟೋಗಳನ್ನು ಒಂದರ ಹಿಂದೆ ಒಂದು ಹಾಕಿದೆ. ಶಿಳ್ಳೆ ನಿಂತಿತು. ಆದರೆ ಮುಂದಿನ ಬೆಂಚಿನ ಒಬ್ಬ ಹುಡುಗಿ ಆ ಮಧ್ಯಾಹ್ನ ಊಟದ ತಟ್ಟೆ ಮುಟ್ಟಲಿಲ್ಲ. ಯಾಕಮ್ಮ ಅಂತ ಕೇಳಿದರೆ ತಲೆ ಅಲ್ಲಾಡಿಸಿದಳು, ಅಷ್ಟೇ.

ಆಮೇಲೆ ಕೂತು ಯೋಚಿಸಿದಾಗ ಹೊಳೆದದ್ದು ಇಷ್ಟು. ಆ ಮೋಡದ ಚಿತ್ರ ಬಾಂಬ್ ಹಾಕಲು ಹೋದ ವಿಮಾನಗಳಿಂದ ತೆಗೆದದ್ದು. ಅದರಲ್ಲಿ ಒಬ್ಬ ಮನುಷ್ಯನೂ ಕಾಣುವುದಿಲ್ಲ, ನೋಡೋಕೆ ಪಟಾಕಿ ಥರವೇ ಇದೆ, ಹುಡುಗರು ಶಿಳ್ಳೆ ಹಾಕಿದ್ದರಲ್ಲಿ ಅವರ ತಪ್ಪಿಲ್ಲ. ಅಲ್ಲಿಂದ ನೇರ ಹೆಣಗಳಿಗೆ ಹಾರಿದ್ದು ನನ್ನ ತಪ್ಪು. ಈಗ ನಾನು ನೆಲದಿಂದ ಶುರು ಮಾಡುತ್ತೇನೆ, ಮೋಡವನ್ನು ಮೂರನೇ ದಿನದವರೆಗೆ ತೋರಿಸುವುದೇ ಇಲ್ಲ. ಕೆಳಗಿನ ಕ್ರಮ ಒಂಬತ್ತು, ಹತ್ತನೇ ತರಗತಿಗೆ ಹೊಂದುತ್ತದೆ. ಪಿಯುಸಿಗಾದರೆ ನಾಲ್ಕನೇ ಹೆಜ್ಜೆಗೆ ಇನ್ನೊಂದು ಪೀರಿಯಡ್ ಕೊಡಿ.

ಶುರು ಮಾಡುವ ಮೊದಲು

ಐದು ಪೀರಿಯಡ್ ಬೇಕು. ಅಷ್ಟು ಸಿಗಲ್ಲ ಅಂದರೆ 1, 2 ಮತ್ತು 4ನೇ ಹೆಜ್ಜೆ ಮಾಡಿ, ಉಳಿದದ್ದನ್ನು ಆಗಸ್ಟ್ 6ರ ಪ್ರಾರ್ಥನಾ ಸಭೆಗೋ ವಿಜ್ಞಾನ ಮೇಷ್ಟ್ರಿಗೋ ದಾಟಿಸಿ. ಸಾಮಾನು ಜಾಸ್ತಿ ಏನಿಲ್ಲ: ಎ3 ಹಾಳೆಯಲ್ಲಿ ಹಿರೋಶಿಮಾದ ನಕ್ಷೆ (1 ಕಿ.ಮೀ.ಗೆ 4 ಸೆಂ.ಮೀ. ಬರುವ ಹಾಗೆ), ಕೈವಾರ, ಎರಡು ಫೋಟೋಗಳ ಪ್ರಿಂಟ್, ಮತ್ತು ನೀವೇ ಬರೆದು ಕತ್ತರಿಸಿದ ಕಾರ್ಡುಗಳು.

ಹಿಂದಿನ ದಿನವೇ ಮಕ್ಕಳಿಗೆ ಹೇಳಿ, ನಾಳೆಯಿಂದ ಕಷ್ಟದ ವಿಷಯ ಇದೆ, ಯಾರಿಗಾದರೂ ಸಂಕಟ ಆದರೆ ಕೇಳದೆ ಎದ್ದು ಹೋಗಿ ನೀರು ಕುಡಿದು ಬರಬಹುದು ಅಂತ. ಎದ್ದು ಹೋಗುವವರು ಕಡಿಮೆ. ಹೋಗಬಹುದು ಅಂತ ಗೊತ್ತಿದ್ದರೆ ಕೂರುವುದು ಸುಲಭ, ಅಷ್ಟೇ. ಮನೆಯಲ್ಲಿ ಇತ್ತೀಚೆಗೆ ಬೆಂಕಿ ಅನಾಹುತವೋ ಸಾವೋ ಆಗಿರುವ ಮಗು ಇದ್ದರೆ ಮೊದಲೇ ಪಕ್ಕಕ್ಕೆ ಕರೆದು ಮಾತಾಡಿ.

ಹೆಜ್ಜೆ 1: ಬೆಳಿಗ್ಗೆಯಿಂದ ಶುರು ಮಾಡಿ

ಮೊದಲ ಪೀರಿಯಡ್‌ನಲ್ಲಿ ಬಾಂಬಿನ ತೂಕ, ವಿಮಾನದ ಹೆಸರು ಏನೂ ಬೇಡ. ಮಕ್ಕಳಿಗೆ ಒಂದೇ ಕೆಲಸ ಕೊಡಿ: ಇವತ್ತು ನಿಮ್ಮ ಊಟದ ಡಬ್ಬಿಯಲ್ಲಿ ಏನಿದೆ, ಯಾರು ಮಾಡಿದ್ದು, ಮೂರು ಸಾಲು ಬರೆಯಿರಿ. ನಮ್ಮಲ್ಲಿ ಒಬ್ಬ ಬರೆದಿದ್ದ, "ಚಿತ್ರಾನ್ನ, ಅರ್ಧ ಡಬ್ಬಿ ಮಾತ್ರ, ಉಳಿದದ್ದು ಅಣ್ಣ ಬಸ್‌ಸ್ಟಾಪಿನಲ್ಲೇ ತಿಂದ" ಅಂತ. ಬಿಸಿಯೂಟದ ಶಾಲೆಯಾದರೆ ಬೆಳಿಗ್ಗೆ ಮನೆಯಲ್ಲಿ ತಿಂದದ್ದನ್ನು ಬರೆಯಲಿ.

ಆಮೇಲೆ ಹೇಳಿ. ಹಿರೋಶಿಮಾದಲ್ಲಿ ಅದು ಸೋಮವಾರ, ಬಿಸಿಲು ಚೆನ್ನಾಗಿತ್ತು. ಬೆಳಿಗ್ಗೆ 7:09ಕ್ಕೆ ಸೈರನ್ ಆಯಿತು, ಹವಾಮಾನ ನೋಡಲು ಒಂದು ಅಮೆರಿಕನ್ ವಿಮಾನ ಬಂದಿತ್ತು. ಅದು ಹೋಯಿತು, 7:31ಕ್ಕೆ ಅಪಾಯ ಇಲ್ಲ ಅಂತ ಮತ್ತೆ ಸೈರನ್. ಜನ ಹೊರಗೆ ಬಂದರು, ಕೆಲಸಕ್ಕೆ ಹೊರಟರು. ಶಾಲೆ ಮಕ್ಕಳು ಆ ದಿನ ಪಾಠಕ್ಕೆ ಹೋಗಿರಲಿಲ್ಲ. ವಾಯುದಾಳಿ ಆದರೆ ಬೆಂಕಿ ಹರಡದಿರಲಿ ಅಂತ ಮರದ ಮನೆಗಳನ್ನು ಕೆಡವಿ ನಡುವೆ ಖಾಲಿ ಜಾಗ ಮಾಡುವ ಕೆಲಸಕ್ಕೆ ಅವರನ್ನು ಹಚ್ಚಿದ್ದರು. ಹನ್ನೆರಡು, ಹದಿಮೂರು ವರ್ಷದ ಸುಮಾರು 8,000 ಮಕ್ಕಳು ಆ ಹೊತ್ತಿಗೆ ಬಯಲಿನಲ್ಲಿ ಹೆಂಚು, ತೊಲೆ ಹೊರುತ್ತಿದ್ದರು. ಅವರಲ್ಲಿ ಸುಮಾರು 6,000 ಮಕ್ಕಳು ಸತ್ತರು.

8:15.

ಹಿರೋಶಿಮಾದ ಶಾಂತಿ ಸ್ಮಾರಕ ಸಂಗ್ರಹಾಲಯದಲ್ಲಿ ಒಂದು ಊಟದ ಡಬ್ಬಿ ಇದೆ. ಹೈಸ್ಕೂಲಿಗೆ ಆಗಷ್ಟೇ ಸೇರಿದ್ದ ಹುಡುಗನದು. ಮೂರು ದಿನ ಹುಡುಕಿ ಅವನ ದೇಹ ಕಂಡವಳು ಅವನ ತಾಯಿ, ಡಬ್ಬಿ ಅವನ ಹೊಟ್ಟೆಯ ಅಡಿಯಲ್ಲಿತ್ತು. ಅಕ್ಕಿಗೆ ಬಾರ್ಲಿ, ಸೋಯಾ ಕಾಳು ಬೆರೆಸಿದ ಊಟ ಪೂರ್ತಿ ಇದ್ದಿಲಾಗಿದೆ. ಆ ಡಬ್ಬಿಯ ಫೋಟೋ ಕೈಯಿಂದ ಕೈಗೆ ಹೋಗಲಿ. ಪ್ರಿಂಟ್ ಇರಲಿ, ಪರದೆ ಬೇಡ. ಕೈಯಲ್ಲಿ ಹಿಡಿದು ನೋಡುವುದಕ್ಕೂ ಗೋಡೆ ಮೇಲೆ ನೋಡುವುದಕ್ಕೂ ವ್ಯತ್ಯಾಸ ಇದೆ. ನೀವು ಏನೂ ಹೇಳಬೇಡಿ, ಸುಮ್ನೆ ಇರಿ. ಮಕ್ಕಳೇ ಮಾತಾಡುತ್ತಾರೆ, ಅಥವಾ ಮಾತಾಡುವುದಿಲ್ಲ, ಎರಡೂ ಸರಿ.

ಇಲ್ಲಿ ಒಂದು ಎಚ್ಚರಿಕೆ. "ನೀನೇ ಆ ಹುಡುಗ ಅಂದುಕೊಂಡು ಡೈರಿ ಬರೆ" ಅನ್ನುವ ಚಟುವಟಿಕೆ ದಯವಿಟ್ಟು ಬೇಡ. ನಾನು ಒಮ್ಮೆ ಕೊಟ್ಟೆ. ಅರ್ಧದಷ್ಟು ಮಕ್ಕಳು ಸಿನಿಮಾ ಡೈಲಾಗ್ ಬರೆದರು, ಉಳಿದವರು ನನ್ನನ್ನು ಮೆಚ್ಚಿಸಲು ಕಣ್ಣೀರು ಬರೆದರು. ಸತ್ತವರ ಬಾಯಲ್ಲಿ ನಾವು ಮಾತು ತುರುಕುವುದು ಯಾಕೆ? ಅವರ ಡಬ್ಬಿ ನೋಡೋಣ, ನಮ್ಮ ಡಬ್ಬಿಯ ಬಗ್ಗೆ ಬರೆಯೋಣ, ಸಾಕು.

ಹೆಜ್ಜೆ 2: ನಕ್ಷೆ, ಕೈವಾರ ಮತ್ತು ಒಂದು ಸೇತುವೆ

ಎರಡನೇ ದಿನ ನಾಲ್ಕು ಜನರ ಗುಂಪಿಗೆ ಒಂದು ನಕ್ಷೆ. ಮೊದಲು ಐಓಯಿ ಸೇತುವೆ ಹುಡುಕಲಿ. ನದಿಗಳು ಕವಲೊಡೆಯುವ ಜಾಗದಲ್ಲಿ ಇಂಗ್ಲಿಷಿನ ಟಿ ಅಕ್ಷರದ ಹಾಗೆ ಕಟ್ಟಿದ ಸೇತುವೆ ಅದು. ಮೇಲಿಂದ ಸುಲಭವಾಗಿ ಗುರುತು ಸಿಗುತ್ತದೆ ಅಂತ ಅದನ್ನೇ ಗುರಿ ಮಾಡಿದ್ದರು. ಬಾಂಬ್ ಸ್ವಲ್ಪ ಪಕ್ಕಕ್ಕೆ ಸರಿದು, ಶಿಮಾ ಅನ್ನುವ ಆಸ್ಪತ್ರೆಯ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿಯಿತು. ಆ ಆಸ್ಪತ್ರೆಯ ಜಾಗದಲ್ಲಿ ಕೈವಾರದ ಮುಳ್ಳು ಊರಿಸಿ, 2, 4, 8, 12 ಸೆಂ.ಮೀ. ತ್ರಿಜ್ಯದ ನಾಲ್ಕು ವೃತ್ತ ಹಾಕಿಸಿ. ಅಂದರೆ ಅರ್ಧ, ಒಂದು, ಎರಡು, ಮೂರು ಕಿಲೋಮೀಟರ್.

ಈಗ ಒಂದೊಂದೇ ಜಾಗ ಗುರುತು ಮಾಡಿಸಿ. 160 ಮೀಟರ್ ದೂರದಲ್ಲಿ ಈಗ ನಾವು ಅಣುಬಾಂಬ್ ಗುಮ್ಮಟ ಅಂತ ಕರೆಯುವ ಕಟ್ಟಡ. ಜೆಕ್ ವಾಸ್ತುಶಿಲ್ಪಿ ಯಾನ್ ಲೆಟ್ಜೆಲ್ 1915ರಲ್ಲಿ ಕಟ್ಟಿಸಿದ ವಸ್ತುಪ್ರದರ್ಶನ ಭವನ. ಸ್ಫೋಟ ಹೆಚ್ಚುಕಡಿಮೆ ನೆತ್ತಿಯ ಮೇಲೇ ಆದದ್ದರಿಂದ ಗೋಡೆಗಳು ಸ್ವಲ್ಪ ನಿಂತವು. ಯಾಕೆ ಅಂತ ಮಕ್ಕಳನ್ನೇ ಕೇಳಿ, ಪಕ್ಕದಿಂದ ತಳ್ಳುವುದಕ್ಕೂ ಮೇಲಿಂದ ಒತ್ತುವುದಕ್ಕೂ ವ್ಯತ್ಯಾಸವನ್ನು ಅವರೇ ಹೇಳುತ್ತಾರೆ. 260 ಮೀಟರ್ ದೂರದಲ್ಲಿ ಒಂದು ಬ್ಯಾಂಕಿನ ಕಲ್ಲಿನ ಮೆಟ್ಟಿಲು. ಬ್ಯಾಂಕ್ ತೆರೆಯಲಿ ಅಂತ ಯಾರೋ ಕೂತು ಕಾಯುತ್ತಿದ್ದರು. ಸುತ್ತಲಿನ ಕಲ್ಲು ಬಿಳಿಚಿಕೊಂಡಿತು, ಕೂತಿದ್ದ ಜಾಗ ಮಾತ್ರ ಕಪ್ಪಗೆ ಉಳಿಯಿತು. 1.7 ಕಿ.ಮೀ.ನಲ್ಲಿ ಸದಾಕೊ ಸಸಾಕಿ ಅನ್ನುವ ಎರಡು ವರ್ಷದ ಮಗುವಿನ ಮನೆ. ಅವಳ ಹೆಸರು ಬರೆದಿಡಿ ಅನ್ನಿ, ಐದನೇ ದಿನ ಬೇಕು. 2.2 ಕಿ.ಮೀ.ನಲ್ಲಿ ಮಿಯುಕಿ ಸೇತುವೆ.

ಈ ಮಿಯುಕಿ ಸೇತುವೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಆ ದಿನ ಹಿರೋಶಿಮಾ ನಗರದೊಳಗೆ, ನೆಲದ ಮೇಲೆ ನಿಂತು ತೆಗೆದ ಫೋಟೋಗಳು ಬೆರಳೆಣಿಕೆ. ಅಲ್ಲಿನ ಪತ್ರಿಕೆಯೊಂದರ ಛಾಯಾಗ್ರಾಹಕ ಯೊಶಿತೊ ಮತ್ಸುಶಿಗೆ ತೆಗೆದವು ಐದು. ಮೊದಲನೆಯದನ್ನು ಬೆಳಿಗ್ಗೆ ಹನ್ನೊಂದು ಗಂಟೆ ದಾಟಿದ ಮೇಲೆ ಈ ಸೇತುವೆಯ ಬಳಿ ತೆಗೆದರು. ಸುಟ್ಟ ಶಾಲಾ ಮಕ್ಕಳು ಗುಂಪಾಗಿ ಕೂತಿದ್ದಾರೆ, ಯಾರೋ ಗಾಯಕ್ಕೆ ಎಣ್ಣೆ ಹಚ್ಚುತ್ತಿದ್ದಾರೆ, ಬಹುತೇಕ ಎಲ್ಲರ ಬೆನ್ನು ಮಾತ್ರ ಕಾಣುತ್ತದೆ. ತುಂಬಾ ಹೊತ್ತು ಕ್ಯಾಮೆರಾದ ಗುಂಡಿ ಒತ್ತಲು ಆಗಲಿಲ್ಲ, ಕಣ್ಣೀರಿಗೆ ವ್ಯೂಫೈಂಡರ್ ಮಂಜಾಯಿತು ಅಂತ ಅವರು ಆಮೇಲೆ ಹೇಳಿಕೊಂಡಿದ್ದರು.

ನಾನು ತರಗತಿಯಲ್ಲಿ ಮನುಷ್ಯರಿರುವ ಫೋಟೋ ಅಂತ ತೋರಿಸುವುದು ಇದೊಂದೇ. ಕೇಳುವ ಪ್ರಶ್ನೆ: ಇವನು ಯಾಕೆ ಮುಂದೆ ಹೋಗಿ ಮುಖ ತೆಗೆಯಲಿಲ್ಲ? ಅದು ತಪ್ಪೇ, ಸರಿಯೇ? ಅಪಘಾತ ಕಂಡ ಕೂಡಲೇ ಮೊಬೈಲ್ ತೆಗೆಯುವ ಕಾಲದ ಮಕ್ಕಳಿಗೆ ಈ ಪ್ರಶ್ನೆ ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟುತ್ತದೆ.

ನಕ್ಷೆ ಹಾಕಿದ ಮೇಲೆ ಯಾರಾದರೂ ಕೇಳೇ ಕೇಳುತ್ತಾರೆ, ನಮ್ಮೂರ ಮೇಲೆ ಹಾಕಿದರೆ ಎಲ್ಲಿಯವರೆಗೆ ಬರುತ್ತೆ ಸಾರ್? ಅದನ್ನು ತೋರಿಸುವ ಜಾಲತಾಣಗಳೂ ಇವೆ. ನಾನು ಅದನ್ನು ಬಳಸುವುದನ್ನು ಬಿಟ್ಟಿದ್ದೇನೆ. ಮೊದಲ ಎರಡು ನಿಮಿಷ ಭಯ, ಮೂರನೇ ನಿಮಿಷಕ್ಕೆ ಅದು ಆಟ, ನಾಲ್ಕನೇ ನಿಮಿಷಕ್ಕೆ ಪಕ್ಕದ ದೇಶದ ಮೇಲೆ ದೊಡ್ಡ ಬಾಂಬ್ ಹಾಕಿ ನೋಡೋಣ ಅನ್ನುವಲ್ಲಿಗೆ ಬರುತ್ತದೆ. ಮತ್ತೆ ಮೇಲಿಂದ ನೋಡಿದ ಹಾಗೇ ಆಯಿತು, ಅಲ್ವಾ?

ಸಾವಿನ ಲೆಕ್ಕವನ್ನು ಇಲ್ಲೇ ಹೇಳಿ. ಆಗ ನಗರದಲ್ಲಿ ಸುಮಾರು 3,50,000 ಜನ ಇದ್ದರು. 1945 ಮುಗಿಯುವಷ್ಟರಲ್ಲಿ ಸತ್ತವರು ಸುಮಾರು 1,40,000, ಹತ್ತು ಸಾವಿರ ಆಚೀಚೆ. "ಹತ್ತು ಸಾವಿರ ಆಚೀಚೆ" ಅನ್ನುವುದನ್ನು ಬೋರ್ಡಿನ ಮೇಲೆ ಬರೆದು, ಯಾಕೆ ನಿಖರವಾಗಿ ಗೊತ್ತಿಲ್ಲ ಅಂತ ಕೇಳಿ. ದಾಖಲೆ ಸುಟ್ಟುಹೋದವು, ಇಡೀ ಮನೆ ಮಂದಿ ಸತ್ತರೆ ದೂರು ಕೊಡುವವರೇ ಇಲ್ಲ, ಸೈನಿಕರ ಲೆಕ್ಕ ಬೇರೆ, ಕೊರಿಯಾದಿಂದ ಬಂದಿದ್ದವರ ಲೆಕ್ಕ ಸರಿಯಾಗಿ ಇಟ್ಟೇ ಇರಲಿಲ್ಲ.

ನಾಗಸಾಕಿಯನ್ನು ಬಾಲಂಗೋಚಿ ಮಾಡಬೇಡಿ. ಆಗಸ್ಟ್ 9ರಂದು ಎರಡನೇ ಬಾಂಬ್ ಹೊತ್ತ ವಿಮಾನದ ಮೊದಲ ಗುರಿ ಕೊಕುರಾ ನಗರ. ಅಲ್ಲಿ ಹೊಗೆ, ಮೋಡ ಕವಿದು ಕೆಳಗೇನೂ ಕಾಣಲಿಲ್ಲ, ಮೂರು ಸುತ್ತು ಹೊಡೆದು ವಿಮಾನ ನಾಗಸಾಕಿಗೆ ತಿರುಗಿತು. 11:02ಕ್ಕೆ ಉರಾಕಾಮಿ ಕಣಿವೆಯ ಮೇಲೆ ಬಾಂಬ್ ಸಿಡಿಯಿತು. ಅದು ಜಪಾನಿನ ಹಳೆಯ ಕ್ಯಾಥೊಲಿಕ್ ಕೇರಿ, ಅಲ್ಲಿದ್ದ ಸುಮಾರು 12,000 ಕ್ಯಾಥೊಲಿಕರಲ್ಲಿ 8,500 ಜನ ಸತ್ತರು. ಈ ಬಾಂಬ್ ಹಿರೋಶಿಮಾದ್ದಕ್ಕಿಂತ ದೊಡ್ಡದು, ಆದರೂ ವರ್ಷದ ಕೊನೆಗೆ ಸತ್ತವರು ಸುಮಾರು 70,000, ಅಲ್ಲಿಯ ಅರ್ಧ. ಯಾಕೆ? ಭೂಗೋಳದ ಪ್ರಶ್ನೆ ಇದು. ಹಿರೋಶಿಮಾ ಸಪಾಟು ನದೀಮುಖಜ ಭೂಮಿ, ನಾಗಸಾಕಿಯಲ್ಲಿ ಗುಡ್ಡಗಳು ಅಡ್ಡ ಬಂದವು. ಎರಡು ನಕ್ಷೆ ಪಕ್ಕಪಕ್ಕ ಇಟ್ಟರೆ ಮಕ್ಕಳು ತಾವೇ ಕಂಡುಹಿಡಿಯುತ್ತಾರೆ.

ಹೆಜ್ಜೆ 3: ವಿಜ್ಞಾನ ಮೇಷ್ಟ್ರನ್ನು ಕರೆಯಿರಿ

ಇದನ್ನು ಒಂದೇ ಪೀರಿಯಡ್‌ನಲ್ಲಿ ಮುಗಿಸಿ, ಇಲ್ಲಾಂದ್ರೆ ಪಾಠ ಯಂತ್ರದ ವರ್ಣನೆಯಾಗಿಬಿಡುತ್ತದೆ. ಹಿರೋಶಿಮಾದ ಬಾಂಬಿನಲ್ಲಿ ಸುಮಾರು 64 ಕಿಲೋ ಯುರೇನಿಯಂ ಇತ್ತು, ಅದರಲ್ಲಿ ವಿದಳನವಾದದ್ದು ಒಂದು ಕಿಲೋಗಿಂತ ಕಡಿಮೆ. ಶಕ್ತಿ ಸುಮಾರು 15 ಕಿಲೋಟನ್, ಅಂದರೆ 15,000 ಟನ್ ಟಿಎನ್‌ಟಿ ಸಿಡಿಮದ್ದು ಸಿಡಿದಷ್ಟು. ಹತ್ತು ಟನ್ ಹೊರುವ ಲಾರಿ ಅಂತ ಇಟ್ಟುಕೊಂಡರೆ 1,500 ಲಾರಿ. ಐನ್‌ಸ್ಟೈನ್ ಸೂತ್ರ ಹಾಕಿ ಎಷ್ಟು ದ್ರವ್ಯ ಶಕ್ತಿಯಾಯಿತು ಅಂತ ಲೆಕ್ಕ ಮಾಡಿಸಿ, ಸುಮಾರು 0.7 ಗ್ರಾಂ ಬರುತ್ತದೆ. ಲೆಕ್ಕದಲ್ಲಿ ಚುರುಕಿರುವ ಮಕ್ಕಳು ಉತ್ತರ ತಪ್ಪಿದೆ ಅಂತ ಎರಡು ಸಲ ಮಾಡುತ್ತಾರೆ. ನಾಗಸಾಕಿಯದ್ದು ಪ್ಲುಟೋನಿಯಂ ಬಾಂಬ್, ಸುಮಾರು 21 ಕಿಲೋಟನ್. ಆ ಮಾದರಿಯನ್ನೇ ಜುಲೈ 16ರಂದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಪರೀಕ್ಷೆ ಮಾಡಿದ್ದರು. ಯುರೇನಿಯಂ ಬಾಂಬನ್ನು ಪರೀಕ್ಷೆ ಮಾಡದೆಯೇ ಹಿರೋಶಿಮಾ ಮೇಲೆ ಹಾಕಿದರು.

ಜನ ಸತ್ತದ್ದು ಶಾಖ, ಒತ್ತಡದ ಅಲೆ, ವಿಕಿರಣ, ಈ ಮೂರರಿಂದ. ಜೊತೆಗೆ ಆಮೇಲೆ ಎದ್ದ ಬೆಂಕಿ 13 ಚದರ ಕಿ.ಮೀ. ನುಂಗಿತು. ವಿಕಿರಣದ ವಿಷಯದಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ. ಅಲ್ಲಿ ಈಗಲೂ ಹುಲ್ಲು ಬೆಳೆಯಲ್ಲ ಅಂತ ನನ್ನ ಸಹೋದ್ಯೋಗಿಯೊಬ್ಬರೇ ನಂಬಿದ್ದರು. ಹಿರೋಶಿಮಾ ಈಗ ಹತ್ತು ಲಕ್ಷಕ್ಕೂ ಹೆಚ್ಚು ಜನರ ಊರು, ಅಲ್ಲಿ ಈಗಿರುವ ವಿಕಿರಣ ಬೇರೆ ಯಾವುದೇ ಊರಿನ ಹಾಗೆಯೇ. ಬಾಂಬ್ ಎತ್ತರದಲ್ಲಿ ಸಿಡಿದದ್ದರಿಂದ ನೆಲಕ್ಕೆ ಅಂಟಿದ್ದು ಕಡಿಮೆ, ಉಳಿದದ್ದೂ ಬೇಗ ಇಳಿಯಿತು. ಹಾಗಂತ ಏನೂ ಆಗಲಿಲ್ಲ ಅಂತಲ್ಲ. ಮೊದಲ ವಾರಗಳಲ್ಲಿ ಗಾಯವೇ ಇಲ್ಲದವರ ಕೂದಲು ಉದುರಿತು, ಒಸಡಿನಲ್ಲಿ ರಕ್ತ ಬಂತು. ಕೆಲವು ವರ್ಷ ಬಿಟ್ಟು ರಕ್ತದ ಕ್ಯಾನ್ಸರ್ ಏರಿತು. ಬದುಕುಳಿದವರ ಮಕ್ಕಳಲ್ಲಿ ಆನುವಂಶಿಕ ಕಾಯಿಲೆ ಹೆಚ್ಚಾದದ್ದು ದಶಕಗಳ ಅಧ್ಯಯನದಲ್ಲೂ ಕಂಡಿಲ್ಲ. ಈ ಕೊನೆಯ ಮಾತು ಮುಖ್ಯ, ಆ ಭಯಕ್ಕೇ ಎಷ್ಟೋ ಜನಕ್ಕೆ ಹೆಣ್ಣು ಕೊಡಲಿಲ್ಲ, ಗಂಡು ಸಿಗಲಿಲ್ಲ.

ಕೈಗಾ ಕೂಡ ಹೀಗೇ ಸಿಡಿಯುತ್ತಾ ಅಂತ ಉತ್ತರ ಕನ್ನಡದ ಕಡೆಯ ಮಕ್ಕಳು ಖಂಡಿತ ಕೇಳುತ್ತಾರೆ. ಇಲ್ಲ. ಹಿರೋಶಿಮಾ ಬಾಂಬಿನ ಯುರೇನಿಯಂನಲ್ಲಿ ಯು-235, ಅಂದರೆ ಸುಲಭವಾಗಿ ಒಡೆಯುವ ಬಗೆಯ ಯುರೇನಿಯಂ, ನೂರಕ್ಕೆ ಸುಮಾರು 80 ಭಾಗ. ಕೈಗಾದ ರಿಯಾಕ್ಟರುಗಳು ಓಡುವುದು ನೈಸರ್ಗಿಕ ಯುರೇನಿಯಂನಲ್ಲಿ, ಅದರಲ್ಲಿ ಯು-235 ನೂರಕ್ಕೆ ಒಂದು ಭಾಗವೂ ಇಲ್ಲ. ರಿಯಾಕ್ಟರಿನ ಅಪಾಯಗಳು ಬೇರೆ, ಅದನ್ನು ಬೇರೆ ದಿನ ಮಾತಾಡೋಣ ಅಂತ ಹೇಳಿ ಮುಂದೆ ಹೋಗಿ.

ಅಣಬೆ ಮೋಡದ ಚಿತ್ರವನ್ನು ಈ ದಿನದ ಕೊನೆಗೆ ತೋರಿಸಿ. ಇದನ್ನು ತೆಗೆದವನು ಎಲ್ಲಿದ್ದ ಅಂತ ಕೇಳಿ. ಇಷ್ಟು ಆದ ಮೇಲೆ ನನಗೆ ಒಮ್ಮೆಯೂ ಶಿಳ್ಳೆ ಕೇಳಿಲ್ಲ.

ಹೆಜ್ಜೆ 4: ಹಾಕಬೇಕಿತ್ತಾ?

ಇದು ಪಾಠದ ಹೊಟ್ಟೆ. ಹೆಚ್ಚಿನ ಕಡೆ ಇದನ್ನು ಚರ್ಚಾಸ್ಪರ್ಧೆ ಮಾಡಿಬಿಡುತ್ತಾರೆ, ಪರ ಐದು ಜನ, ವಿರೋಧ ಐದು ಜನ, ಚಪ್ಪಾಳೆ, ಪ್ರಶಸ್ತಿ. ಬೇಡ. ಲಕ್ಷ ಜನರ ಸಾವಿನ ಮೇಲೆ ಯಾರು ಚೆನ್ನಾಗಿ ಮಾತಾಡಿದರು ಅಂತ ಟ್ರೋಫಿ ಕೊಡುವುದು ನನಗೆ ಕಸಿವಿಸಿ. ಅದರ ಬದಲು ಕಾರ್ಡುಗಳನ್ನು ಕೊಡಿ. ಪ್ರತಿ ಕಾರ್ಡಿನಲ್ಲಿ ಒಂದು ತಾರೀಕು, ಒಂದು ಸಂಗತಿ. ಎರಡು ಕಂತಿನಲ್ಲಿ ಹಂಚಿ.

ಮೊದಲ ಕಂತು, ಆಗಸ್ಟ್ 6ರ ಮುಂಚಿನವು. ಮಾರ್ಚ್ 9-10ರ ರಾತ್ರಿ ಟೋಕಿಯೋ ಮೇಲೆ ಬೆಂಕಿ ಬಾಂಬುಗಳು, ಒಂದೇ ರಾತ್ರಿಯಲ್ಲಿ ಸುಮಾರು 1,00,000 ಸಾವು. ಏಪ್ರಿಲ್‌ನಿಂದ ಜೂನ್‌ವರೆಗೆ ಜಪಾನಿನ ಒಕಿನಾವಾ ದ್ವೀಪದಲ್ಲಿ ಕದನ, ಅಮೆರಿಕದ 12,000ಕ್ಕೂ ಹೆಚ್ಚು ಸೈನಿಕರು ಸತ್ತರು, ಜಪಾನಿನ ಸೈನಿಕರು, ಊರ ಜನ ಅದರ ಎಷ್ಟೋ ಪಟ್ಟು. ನವೆಂಬರ್ 1ಕ್ಕೆ ಜಪಾನಿನ ದಕ್ಷಿಣ ದ್ವೀಪದ ಮೇಲೆ ಇಳಿಯುವ ಯೋಜನೆ ತಯಾರಿತ್ತು. ಜುಲೈನಲ್ಲಿ ಜಪಾನಿನ ವಿದೇಶಾಂಗ ಮಂತ್ರಿ ತೋಗೊ, ಸಂಧಾನಕ್ಕೆ ದಾರಿ ಹುಡುಕಲು ಮಾಸ್ಕೋದಲ್ಲಿದ್ದ ತನ್ನ ರಾಯಭಾರಿಗೆ ತಂತಿ ಕಳಿಸುತ್ತಿದ್ದ, ಅಮೆರಿಕ ಅದನ್ನು ಕದ್ದು ಓದುತ್ತಿತ್ತು. ಜುಲೈ 17, ಬಾಂಬ್ ಯೋಜನೆಯಲ್ಲೇ ಇದ್ದ ಲಿಯೋ ಸಿಲಾರ್ಡ್ ಮತ್ತು ಇತರ ವಿಜ್ಞಾನಿಗಳು, ಒಟ್ಟು 70 ಜನ, ಎಚ್ಚರಿಕೆ ಕೊಡದೆ ಬಳಸಬೇಡಿ ಅಂತ ಸಹಿ ಹಾಕಿದ ಮನವಿ, ಅದು ಅಧ್ಯಕ್ಷ ಟ್ರೂಮನ್ ಕೈ ಸೇರಲೇ ಇಲ್ಲ. ಜುಲೈ 26, ಅಮೆರಿಕ ಮತ್ತು ಅದರ ಮಿತ್ರರಾಷ್ಟ್ರಗಳು ಜಪಾನಿಗೆ ಕೊಟ್ಟ ಪಾಟ್ಸ್‌ಡ್ಯಾಮ್ ಘೋಷಣೆ: ಬೇಷರತ್ತಾಗಿ ಶರಣಾಗಿ, ಇಲ್ಲದಿದ್ದರೆ ಪೂರ್ತಿ ನಾಶ. ಅದರಲ್ಲಿ ಹೊಸ ಬಾಂಬಿನ ಮಾತಿಲ್ಲ, ಚಕ್ರವರ್ತಿಯ ಗತಿ ಏನು ಅನ್ನುವ ಮಾತೂ ಇಲ್ಲ. ಜುಲೈ 28, ಜಪಾನಿನ ಪ್ರಧಾನಿ ಸುಜುಕಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲ್ಲ ಅನ್ನುವ ಅರ್ಥದ ಮಾತಾಡಿದರು.

ಇವುಗಳ ಜೊತೆ ಜುಲೈ 25ರ ಎರಡು ಕಾರ್ಡು ಜೋಡಿಯಾಗಿ ಕೊಡಿ. ಒಂದು, ಟ್ರೂಮನ್ ತನ್ನ ಡೈರಿಯಲ್ಲಿ ಬರೆದುಕೊಂಡದ್ದು: ಗುರಿ ಸೈನಿಕ ನೆಲೆಗಳು, ಹೆಂಗಸರು ಮಕ್ಕಳಲ್ಲ. ಇನ್ನೊಂದು, ಅದೇ ದಿನ ವಾಯುಪಡೆಗೆ ಹೋದ ಆದೇಶ: ಸುಮಾರು ಆಗಸ್ಟ್ 3ರ ನಂತರ ಹವಾಮಾನ ನೋಡಿಕೊಂಡು ಹಿರೋಶಿಮಾ, ಕೊಕುರಾ, ನಿಗಾಟಾ, ನಾಗಸಾಕಿ ಇವುಗಳಲ್ಲಿ ಒಂದರ ಮೇಲೆ ಹಾಕಿ, ಮುಂದಿನ ಬಾಂಬುಗಳನ್ನು ತಯಾರಾದ ಹಾಗೆ ಹಾಕುತ್ತಾ ಹೋಗಿ. ಅಂದರೆ ನಾಗಸಾಕಿಗೆ ಅಂತ ಬೇರೆ ತೀರ್ಮಾನ ಯಾರೂ ಕೂತು ಮಾಡಲಿಲ್ಲ. ಪಟ್ಟಿಯಲ್ಲಿ ಮೊದಲು ಕ್ಯೋಟೋ ಕೂಡ ಇತ್ತು, ಯುದ್ಧ ಕಾರ್ಯದರ್ಶಿ ಸ್ಟಿಮ್ಸನ್ ಅದನ್ನು ತೆಗೆಸಿದ. ಈ ಜೋಡಿ ಕಾರ್ಡು ಓದಿ ಒಬ್ಬ ಹುಡುಗಿ ಕೇಳಿದ ಪ್ರಶ್ನೆಗೆ ನನಗೆ ಇವತ್ತಿಗೂ ಉತ್ತರ ಗೊತ್ತಿಲ್ಲ: "ಇವರು ಡೈರಿಯನ್ನು ಯಾರಿಗೆ ಅಂತ ಬರೀತಾರೆ ಸಾರ್?"

ಮೊದಲ ಕಂತಿನ ಮೇಲೆ ಸರಿ-ತಪ್ಪು ಕೇಳಬೇಡಿ. ಸಣ್ಣ ಪ್ರಶ್ನೆ ಕೇಳಿ. ಯಾರಿಗೆ ಏನು ಗೊತ್ತಿತ್ತು, ಯಾವ ದಿನ ಗೊತ್ತಿತ್ತು? ಜನ ಇಲ್ಲದ ಕಡೆ ಹಾಕಿ ತೋರಿಸಬಹುದಿತ್ತೇ? ಚಕ್ರವರ್ತಿಯನ್ನು ಉಳಿಸುತ್ತೇವೆ ಅಂತ ಒಂದು ಸಾಲು ಸೇರಿಸಿದ್ದರೆ?

ಎರಡನೇ ಕಂತು, ಆಮೇಲಿನವು. ಆಗಸ್ಟ್ 8ಕ್ಕೆ ಸೋವಿಯತ್ ರಷ್ಯಾ ಜಪಾನ್ ಮೇಲೆ ಯುದ್ಧ ಸಾರಿತು, 9ರ ಬೆಳಗಾಗುವ ಮೊದಲೇ ಜಪಾನ್ ಹಿಡಿತದಲ್ಲಿದ್ದ ಚೀನಾದ ಮಂಚೂರಿಯಾಕ್ಕೆ ನುಗ್ಗಿತು. ಆ ಬೆಳಿಗ್ಗೆ ಜಪಾನಿನ ಆರು ಜನರ ಉನ್ನತ ಸಮಿತಿ ಸೇರಿದ್ದಾಗಲೇ ನಾಗಸಾಕಿಯ ಸುದ್ದಿ ಬಂತು. ಬಂದ ಮೇಲೂ ಮೂರು-ಮೂರು ಆಗಿ ಒಡೆದುಕೊಂಡೇ ಇದ್ದರು, ರಾತ್ರಿ ಚಕ್ರವರ್ತಿ ಹಿರೋಹಿಟೊ ಬಾಯಿ ಬಿಡಬೇಕಾಯಿತು. ಈಗ ಮತ್ತೊಂದು ಜೋಡಿ. ಆಗಸ್ಟ್ 15ರಂದು ರೇಡಿಯೋದಲ್ಲಿ ಜನರಿಗೆ ಹೇಳುವಾಗ ಚಕ್ರವರ್ತಿ ಶತ್ರುವಿನ ಹೊಸ ಕ್ರೂರ ಬಾಂಬಿನ ಮಾತೆತ್ತಿದ, ರಷ್ಯಾದ ಹೆಸರಿಲ್ಲ. ಆಗಸ್ಟ್ 17ರಂದು ಸೈನಿಕರಿಗೆ ಕೊಟ್ಟ ಹೇಳಿಕೆಯಲ್ಲಿ ರಷ್ಯಾ ಯುದ್ಧಕ್ಕೆ ಇಳಿದದ್ದನ್ನು ಕಾರಣ ಕೊಟ್ಟ, ಬಾಂಬಿನ ಮಾತಿಲ್ಲ. ಒಬ್ಬನೇ ಮನುಷ್ಯ, ಎರಡು ದಿನದ ಅಂತರ, ಎರಡು ಕಾರಣ. ಕೇಳುವವರು ಬೇರೆ ಆದಾಗ ಕಾರಣ ಯಾಕೆ ಬೇರೆ ಆಯಿತು? ಇದೊಂದು ಪ್ರಶ್ನೆಗೆ ಇಪ್ಪತ್ತು ನಿಮಿಷ ಹೋದರೂ ಹೋಗಲಿ ಬಿಡಿ.

"ಹತ್ತು ಲಕ್ಷ ಅಮೆರಿಕನ್ನರ ಜೀವ ಉಳಿಯಿತು" ಅನ್ನುವ ಮಾತು ನೋಟ್ಸ್‌ಗಳಲ್ಲಿ ಓಡಾಡುತ್ತಿರುತ್ತದೆ. ಅದು ಬಂದದ್ದು 1947ರಲ್ಲಿ ಸ್ಟಿಮ್ಸನ್ ಹೆಸರಲ್ಲಿ ಬಂದ ಲೇಖನದಿಂದ, ಅಂದರೆ ಬಾಂಬ್ ಹಾಕಿದ ಮೇಲೆ. ಅಲ್ಲೂ ಆ ಸಂಖ್ಯೆ ಸತ್ತವರು, ಗಾಯಗೊಂಡವರು ಎಲ್ಲ ಸೇರಿ. 1945ರ ಜೂನ್‌ನಲ್ಲಿ ಸೇನೆಯ ಯೋಜನಾ ಸಮಿತಿಯೊಂದು ಹಾಕಿದ್ದ ಅಂದಾಜು ಸುಮಾರು 40,000 ಸಾವು. ಹಾಗೇ ಇನ್ನೊಂದು ಕಡೆಯೂ ಹೇಳಿ: ಬಾಂಬ್ ಇಲ್ಲದಿದ್ದರೂ 1945ರೊಳಗೆ ಜಪಾನ್ ಶರಣಾಗುತ್ತಿತ್ತು ಅಂತ 1946ರಲ್ಲಿ ಅಮೆರಿಕದ್ದೇ ಬಾಂಬಿಂಗ್ ಸಮೀಕ್ಷೆ ಬರೆಯಿತು, ಅದೂ ಆದ ಮೇಲಿನ ಮಾತೇ.

ಜಪಾನ್ ಏನು ಮಾಡುತ್ತಿತ್ತು ಅನ್ನುವುದನ್ನು ಬಿಟ್ಟರೆ ಪಾಠ ಕುಂಟುತ್ತದೆ. 1937ರಲ್ಲಿ ಚೀನಾದ ನಾನ್‌ಜಿಂಗ್ ನಗರದಲ್ಲಿ ನಡೆಸಿದ ಹತ್ಯಾಕಾಂಡ, ವಸಾಹತಾಗಿದ್ದ ಕೊರಿಯಾ, 1942ರಿಂದ ಜಪಾನ್ ಹಿಡಿದಿಟ್ಟುಕೊಂಡಿದ್ದ ನಮ್ಮದೇ ಅಂಡಮಾನ್, ಅಲ್ಲಿ ಗೂಢಚಾರರು ಅಂತ ಹಿಂಸೆ ಕೊಟ್ಟು ಕೊಂದ ಜನ. ನೇತಾಜಿ ಕಾರಣಕ್ಕೆ ನಮ್ಮ ಮಕ್ಕಳಿಗೆ ಜಪಾನ್ ಅಂದರೆ ಗೆಳೆಯ, ಈ ಭಾಗ ಕೇಳಿದಾಗ ಮುಖ ಸಪ್ಪಗಾಗುತ್ತದೆ. ಹಿರೋಶಿಮಾ ಸುಮ್ನೆ ಒಂದು ಊರಾಗಿರಲಿಲ್ಲ, ಸೇನೆಯ ದೊಡ್ಡ ಕಚೇರಿ ಅಲ್ಲಿತ್ತು, ಉಜಿನಾ ಬಂದರಿನಿಂದ ಸೈನಿಕರು ಏಷ್ಯಾದ ಉದ್ದಕ್ಕೂ ಹೋಗಿದ್ದರು. ಅದೂ ನಿಜ, ಹೆಂಚು ಹೊರುತ್ತಿದ್ದ ಮಕ್ಕಳೂ ನಿಜ.

ನಿಮ್ಮ ಅಭಿಪ್ರಾಯ ಏನು ಸಾರ್ ಅಂತ ಕೇಳಿದರೆ ಜಾರಿಕೊಳ್ಳಬೇಡಿ, ಆದರೆ ಅವರೆಲ್ಲ ಬರೆದು ಮುಗಿಸಿದ ಮೇಲೆ ಹೇಳಿ. ನಾನು ಹೇಳುವುದು: ಹಿರೋಶಿಮಾ ಬಗ್ಗೆ ವಾದ ಮಾಡುವವರ ಮಾತು ಕೇಳಿಸಿಕೊಳ್ಳಬಲ್ಲೆ, ಒಪ್ಪುವುದಿಲ್ಲ. ಮೂರೇ ದಿನಕ್ಕೆ ನಾಗಸಾಕಿ ಯಾಕೆ ಅನ್ನುವುದಕ್ಕೆ ಸಮಾಧಾನದ ಉತ್ತರ ಎಲ್ಲೂ ಸಿಕ್ಕಿಲ್ಲ.

ಹೆಜ್ಜೆ 5: ಉಳಿದವರು, ಮತ್ತು ಕರ್ತೃ ಇಲ್ಲದ ಒಂದು ವಾಕ್ಯ

ಬದುಕುಳಿದವರನ್ನು ಜಪಾನಿನಲ್ಲಿ ಹಿಬಾಕುಶಾ ಅನ್ನುತ್ತಾರೆ. ಅಮೆರಿಕ 1947ರಲ್ಲಿ ಶುರು ಮಾಡಿದ ಆಯೋಗ ಅವರನ್ನು ಪರೀಕ್ಷೆ ಮಾಡುತ್ತಿತ್ತು, ರಕ್ತ ತೆಗೆಯುತ್ತಿತ್ತು, ಚಿಕಿತ್ಸೆ ಕೊಡುತ್ತಿರಲಿಲ್ಲ. ಅಮೆರಿಕದ ಆಡಳಿತ ಇದ್ದಷ್ಟು ವರ್ಷ ಬಾಂಬಿನ ಬಗ್ಗೆ ಪತ್ರಿಕೆಯಲ್ಲಿ ಬರೆಯಲೂ ಕಡಿವಾಣ. ಕೊರಿಯನ್ನರ ಸ್ಮಾರಕ 1970ರಲ್ಲಿ ಎದ್ದದ್ದು ಶಾಂತಿ ಉದ್ಯಾನದ ಹೊರಗೆ, ಒಳಗೆ ಬರಲು 1999ರವರೆಗೆ ಕಾಯಬೇಕಾಯಿತು. ಹಿಬಾಕುಶಾಗಳ ಸಂಘಟನೆ ನಿಹೊನ್ ಹಿದಾಂಕ್ಯೊ 1956ರಲ್ಲಿ ಹುಟ್ಟಿತು, ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು 2024ರಲ್ಲಿ. ಈ ಎರಡು ಇಸವಿಗಳ ನಡುವಿನ ವ್ಯವಕಲನ ಮಕ್ಕಳೇ ಮಾಡಲಿ.

ಸದಾಕೊ ಹೆಸರು ಬರೆದಿಟ್ಟುಕೊಂಡಿದ್ದರಲ್ಲ, ಈಗ ತೆಗೆಯಿರಿ. ಹನ್ನೆರಡನೇ ವಯಸ್ಸಿಗೆ ರಕ್ತದ ಕ್ಯಾನ್ಸರ್, ಆಸ್ಪತ್ರೆಯಲ್ಲಿ ಕಾಗದದ ಕೊಕ್ಕರೆ ಮಡಿಸುತ್ತಾ 1955ರ ಅಕ್ಟೋಬರ್ 25ರಂದು ತೀರಿಕೊಂಡಳು. ಸಾವಿರ ಮಡಿಸಿದರೆ ಆಸೆ ಈಡೇರುತ್ತದೆ ಅಂತ ಅಲ್ಲಿನ ನಂಬಿಕೆ, ಆದರೆ ಸಾವಿರ ಮುಗಿಯದೆ 644ಕ್ಕೆ ನಿಂತಿತು ಅಂತ ಪ್ರಸಿದ್ಧ ಕಥೆ. ಅವಳ ಮನೆಯವರು ಹೇಳುವ ಪ್ರಕಾರ ಅವಳು ಸಾವಿರ ದಾಟಿದ್ದಳು. ದಾಟಿಯೂ ಸತ್ತಳು. ಯಾವುದು ಕಥೆಗೆ ಚೆಂದ, ಯಾವುದು ನಡೆದದ್ದು ಅಂತ ಮಾತಾಡಿಸಿ. ಕೊಕ್ಕರೆ ಮಡಿಸುವ ಚಟುವಟಿಕೆ ಮಾಡುವುದಾದರೆ ಈ ಮಾತು ಆದ ಮೇಲೆ ಮಾಡಿ, ಬರೀ ಕೊಕ್ಕರೆ ಮಡಿಸಿ ಗೋಡೆಗೆ ಅಂಟಿಸಿದರೆ ಅದು ಕ್ರಾಫ್ಟ್ ಪೀರಿಯಡ್.

ಇನ್ನು ನನಗೆ ತುಂಬಾ ಇಷ್ಟದ ಭಾಗ. ಹಿರೋಶಿಮಾದ ಸ್ಮಾರಕದ ಕಲ್ಲಿನ ಮೇಲೆ 1952ರಲ್ಲಿ ಕೆತ್ತಿದ ಒಂದು ಸಾಲಿದೆ. ಕನ್ನಡಕ್ಕೆ ತಂದರೆ: "ನೆಮ್ಮದಿಯಿಂದ ಮಲಗಿ, ತಪ್ಪನ್ನು ಮತ್ತೆ ಮಾಡುವುದಿಲ್ಲ." ಜಪಾನಿ ಭಾಷೆಯಲ್ಲಿ ಅದಕ್ಕೆ ಕರ್ತೃಪದ ಇಲ್ಲ. ಯಾರು ಮಾಡುವುದಿಲ್ಲ? ಅದೇ ವರ್ಷ ಅಲ್ಲಿಗೆ ಹೋದ ನಮ್ಮ ರಾಧಾಬಿನೋದ್ ಪಾಲ್, ಟೋಕಿಯೋ ಯುದ್ಧಾಪರಾಧ ವಿಚಾರಣೆಯಲ್ಲಿ ಭಿನ್ನ ತೀರ್ಪು ಬರೆದ ನ್ಯಾಯಾಧೀಶರು, ಬಾಂಬ್ ಹಾಕಿದವರು ಜಪಾನೀಯರಲ್ಲ, ಅವರೇಕೆ ತಪ್ಪು ಒಪ್ಪಿಕೊಳ್ಳಬೇಕು ಅಂತ ಆಕ್ಷೇಪಿಸಿದರು. ಇಡೀ ಮನುಷ್ಯಕುಲವೇ ಕರ್ತೃ ಅಂತ ಊರಿನವರ ಉತ್ತರ. ಇಂಗ್ಲಿಷಿಗೆ ತರುವಾಗ "ನಾವು" ಅಂತ ಸೇರಿಸಲೇಬೇಕಾಗುತ್ತದೆ. ನಮಗೆ ಆ ಕಷ್ಟ ಇಲ್ಲ ನೋಡಿ, ನಾನು ಮಾಡುವುದಿಲ್ಲ, ನಾವು ಮಾಡುವುದಿಲ್ಲ, ಅವರು ಮಾಡುವುದಿಲ್ಲ, ಎಲ್ಲಕ್ಕೂ ಒಂದೇ ಕ್ರಿಯಾಪದ. ಈ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು ಕರ್ತೃ ತುಂಬಿಸಿ ಅನ್ನಿ. ಕನ್ನಡ ಪೀರಿಯಡ್ ಮೇಷ್ಟ್ರಿಗೂ ಖುಷಿಯಾಗುತ್ತದೆ.

ಮಕ್ಕಳು ಕೇಳುವ ಕಷ್ಟದ ಪ್ರಶ್ನೆಗಳು

"ನಮ್ಮ ಹತ್ರವೂ ಇದೆಯಲ್ಲ ಸಾರ್?" ಇದೆ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಮೊದಲ ಪರೀಕ್ಷೆ, ಅದರ ಮುಂಚೂಣಿಯಲ್ಲಿದ್ದವರು ನಮ್ಮ ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. 1998ರಲ್ಲಿ ಮತ್ತೆ. ಮೊದಲು ಬಳಸುವುದಿಲ್ಲ ಅನ್ನುವುದು ಭಾರತದ ಘೋಷಿತ ನೀತಿ. ಇದನ್ನು ಮುಚ್ಚಿಡಲೂ ಬೇಡಿ, ಭಾಷಣ ಮಾಡಲೂ ಬೇಡಿ. 1946ರ ಜುಲೈನಲ್ಲಿ ಗಾಂಧೀಜಿ ಹರಿಜನ ಪತ್ರಿಕೆಯಲ್ಲಿ, ಯುಗಯುಗಗಳಿಂದ ಮನುಷ್ಯರನ್ನು ಕಾಪಾಡಿಕೊಂಡು ಬಂದ ಸೂಕ್ಷ್ಮ ಭಾವನೆಯನ್ನೇ ಈ ಬಾಂಬ್ ಮರಗಟ್ಟಿಸಿದೆ ಅನ್ನುವ ಅರ್ಥದಲ್ಲಿ ಬರೆದಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ಬಿಡಿ.

"ಅವರ ಮೇಲೂ ಹಾಕಿಬಿಡಬೇಕು ಸಾರ್" ಅಂತ ಯಾರಾದರೂ ಅಂದರೆ ಬೈಯಬೇಡಿ. ಎರಡನೇ ದಿನದ ನಕ್ಷೆ ತೆಗೆದು, ಎರಡು ಕಿಲೋಮೀಟರ್ ವೃತ್ತದ ಒಳಗೆ ಎಷ್ಟು ಶಾಲೆ ಇವೆ ಎಣಿಸು ಅನ್ನಿ.

ಮೌಲ್ಯಮಾಪನ

ಬಿಟ್ಟ ಸ್ಥಳ ಬೇಡ. ಎರಡು ಬರಹ ಸಾಕು. ಒಂದು, ಆ ಊಟದ ಡಬ್ಬಿಗೆ ಸಂಗ್ರಹಾಲಯದ ಫಲಕ, ಐವತ್ತು ಪದ ಮೀರಬಾರದು, ಗುಣವಾಚಕ ಎರಡಕ್ಕಿಂತ ಹೆಚ್ಚು ಇರಬಾರದು. ಎರಡು, ಯಾವ ಕಾರ್ಡು ನಿನ್ನ ಅಭಿಪ್ರಾಯ ಬದಲಿಸಿತು, ಅಥವಾ ಅಲ್ಲಾಡಿಸಿತು, ಯಾಕೆ. ಮೊದಲನೆಯದರಲ್ಲಿ ದಡ್ಡರು ಅನ್ನಿಸಿಕೊಂಡ ಮಕ್ಕಳು ಚೆನ್ನಾಗಿ ಬರೆಯುತ್ತಾರೆ, ನೋಡಿ ಬೇಕಾದರೆ. "ಇದರಲ್ಲಿ ಊಟ ಇದೆ. ತಿಂದಿಲ್ಲ" ಅಂತ ಎರಡೇ ವಾಕ್ಯ ಬರೆದ ಹುಡುಗನಿಗೆ ನಾನು ಪೂರ್ತಿ ಅಂಕ ಕೊಟ್ಟಿದ್ದೇನೆ.

ಆಗಸ್ಟ್ 6ಕ್ಕೆ ಶಾಲೆಯಲ್ಲಿ ಏನಾದರೂ ಮಾಡಬೇಕು ಅಂದರೆ 8:15ಕ್ಕೆ ಒಂದು ನಿಮಿಷ ಮೌನ, ಅಷ್ಟು. ಗಿಡ ನೆಡುವುದಾದರೆ ಕಣಗಿಲೆ ನೆಡಿ. ಬಾಂಬ್ ಬಿದ್ದ ಮೇಲೆ ಹಿರೋಶಿಮಾದಲ್ಲಿ ಮೊದಲು ಹೂಬಿಟ್ಟದ್ದು ಅದು ಅಂತ ಅಲ್ಲಿನವರು ಹೇಳುತ್ತಾರೆ, ಈಗ ಅದೇ ಆ ನಗರದ ಹೂವು. ನಮ್ಮಲ್ಲಂತೂ ನೀರು ಹಾಕದಿದ್ದರೂ ಬದುಕುತ್ತದೆ, ದನ ಮುಟ್ಟಲ್ಲ. ಎಲೆ, ಹೂವು, ಕಡ್ಡಿ ಎಲ್ಲವೂ ವಿಷ, ಆದ್ದರಿಂದ ಕಾಂಪೌಂಡ್ ಆಚೆಗೆ ನೆಡಿ, ಸಣ್ಣ ಮಕ್ಕಳಿಗೆ ಬಾಯಿಗೆ ಹಾಕಬೇಡಿ ಅಂತ ಹೇಳಿ, ನೆಟ್ಟವರು ಊಟಕ್ಕೆ ಮುಂಚೆ ಕೈ ತೊಳೆಯಲಿ.